ಎಳೆಮಗುವನ್ನು ಎತ್ತಿಕೊಂಡು ಹೊರಡುವಾಗ ಚೀಲದಲ್ಲಿ ಎಂತೆಲ್ಲ ಬೇಕು? ನಮ್ಮೂರಿನ ತಾಯಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ದೊಡ್ಡವಳು ಹುಟ್ಟಿದ್ದು ಆಟಿಯ ಮಳೆಯಲ್ಲಿ, ಚಿಕ್ಕವನು ಮಾರ್ಚ್ ತಿಂಗಳ ಸೆಕೆಯಲ್ಲಿ. ತಾಯಿಮನೆ ಬ್ರಹ್ಮಾವರ, ಗಂಡನ ಮನೆ ಮಂಗಳೂರಿನ ಉರ್ವ. ಎರಡು ಬಾಣಂತನದಲ್ಲಿ ಆ ದಾರಿಯಲ್ಲಿ ಅದೆಷ್ಟು ಸಲ ಓಡಾಡಿದ್ದೇನೋ. ಹಾಗಾಗಿ ಓಣಿಯಲ್ಲಿ, ಬಳಗದಲ್ಲಿ ಯಾರಿಗೆ ಹೆರಿಗೆಯಾದರೂ ಚೀಲದ ವಿಷಯಕ್ಕೆ ನನಗೇ ಫೋನ್. ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಮಗುವನ್ನು ಎಷ್ಟು ದಿನಕ್ಕೆ ಹೊರಗೆ ಕರೆದುಕೊಂಡು ಹೋಗಬಹುದು?

ಮನೆಯಲ್ಲಿ ಅಮೆ (ಹೆರಿಗೆಯ ಸೂತಕ) ಕಳೆಯಲಿ ಎನ್ನುತ್ತಾರೆ, ಕೆಲವರು ನಲ್ವತ್ತು ದಿನ ಹೊಸಿಲು ದಾಟಬಾರದು ಎನ್ನುತ್ತಾರೆ. ಆದರೆ ಆಸ್ಪತ್ರೆ ಇದನ್ನೆಲ್ಲ ಕಾಯುವುದಿಲ್ಲ. ಮೈ ಹಳದಿಯಾಯಿತು, ತೂಕ ನೋಡಬೇಕು, ಹೊಕ್ಕುಳ ನೋಡಬೇಕು ಎಂದು ಮೊದಲ ವಾರದಲ್ಲೇ ಒಮ್ಮೆ ಹೋಗುವುದು ಇದ್ದದ್ದೇ. ಆರು ವಾರಕ್ಕೆ ಲಸಿಕೆ. ಬೆಳಗ್ಗೆ ಅಂಗಳದಲ್ಲಿ ಹತ್ತು ನಿಮಿಷ ಎತ್ತಿಕೊಂಡು ತಿರುಗಾಡಲು ಯಾವ ಮುಹೂರ್ತವೂ ಬೇಡ. ಜನ ಸೇರುವ ಕಡೆಗೆ ಮಾತ್ರ ಎರಡು ತಿಂಗಳು ಹೋಗದಿದ್ದರೆ ಒಳ್ಳೆಯದು. ನೆಗಡಿ, ಕೆಮ್ಮು ಇರುವವರೂ ಮಗುವಿನ ಕೆನ್ನೆ ಮುಟ್ಟದೆ ಬಿಡುವವರಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ತೂಕ ಕಡಿಮೆ ಇದ್ದರೆ, ಡಾಕ್ಟರ್ ಹೇಳಿದ್ದೇ ಲೆಕ್ಕ.

ಚೀಲದಲ್ಲಿ ಕಡೇಪಕ್ಷ ಎಂತ ಇರಬೇಕು?

ಸಾಮಾನಿನ ಪಟ್ಟಿಗಿಂತ ಮೊದಲು ಚೀಲವನ್ನು ಮೂರು ಪಾಲು ಮಾಡಿ: ಒಣಗಿದ್ದು ಒಂದು ಕಡೆ, ಒದ್ದೆಯಾದದ್ದು ಹೋಗಲು ಒಂದು ಕಡೆ, ತಾಯಿಯದ್ದು ಇನ್ನೊಂದು ಕಡೆ. ಬೆಂಗಳೂರಿನ ಹವೆಯಲ್ಲಿ ಹೇಗೆ ತುಂಬಿಸಿದರೂ ನಡೆದೀತು. ನಮ್ಮಲ್ಲಿ ಒಂದು ಒದ್ದೆ ಕೋಮಣ ಒಣಬಟ್ಟೆಯ ನಡುವೆ ಸೇರಿತೋ, ಅರ್ಧ ಗಂಟೆಯಲ್ಲಿ ಇಡೀ ಚೀಲಕ್ಕೆ ಮುಗ್ಗಲು ವಾಸನೆ.

ಒಣಗಿದ್ದರ ಪಾಲಿನಲ್ಲಿ ಡೈಪರ್ ಅಥವಾ ಕೋಮಣ, ಎರಡು ಜೊತೆ ಅಂಗಿ, ಮೂರು ನಾಲ್ಕು ಹಳೆಯ ಹತ್ತಿಸೀರೆಯ ತುಂಡು, ಒಂದು ಬೈರಾಸು (ಟವೆಲ್), ಕೆಳಗೆ ಹಾಸಲು ಒಂದು ರಬ್ಬರ್ ಶೀಟ್. ಒರೆಸಲು ಒಂದು ಸಣ್ಣ ಬಾಟಲಿ ಕುದಿಸಿ ಆರಿಸಿದ ನೀರು ಮತ್ತು ಹತ್ತಿ. ವಾಸನೆಯಿಲ್ಲದ ಒದ್ದೆ ವೈಪ್ಸ್ ಕೂಡ ಆದೀತು. ಒದ್ದೆಯ ಪಾಲಿನಲ್ಲಿ ನಾಲ್ಕೈದು ಗಟ್ಟಿ ಪ್ಲಾಸ್ಟಿಕ್ ತೊಟ್ಟೆ, ಬಾಯಿ ಬಿಗಿಯಾಗಿ ಕಟ್ಟಲು ಬರುವಂಥದ್ದು. ಅಂಗಡಿಯ ತೆಳು ತೊಟ್ಟೆ ಬೇಡ, ಸೋರುತ್ತದೆ. ತಾಯಿಯದ್ದು ದೊಡ್ಡ ಸಂಗತಿ, ಕೆಳಗೆ ಬೇರೆಯೇ ಬರೆದಿದ್ದೇನೆ.

ಹಳೆ ಸೀರೆಯ ತುಂಡಿನಷ್ಟು ಉಪಕಾರಿ ಮತ್ತೊಂದಿಲ್ಲ. ಹೊದೆಸಲು, ಕಕ್ಕಿದ ಹಾಲು ಒರೆಸಲು, ಬಿಸಿಲಿಗೆ ಮರೆ ಮಾಡಲು, ಹಾಲು ಕೊಡುವಾಗ ಮುಚ್ಚಿಕೊಳ್ಳಲು ಎಲ್ಲದಕ್ಕೂ ಅದೇ. ಮಗುವಿನ ಮುಖದ ಮೇಲೆ ಮಾತ್ರ ಅದನ್ನು ಇಳಿಬಿಡಬೇಡಿ.

ಎಷ್ಟು ಡೈಪರ್ ಇಟ್ಟುಕೊಳ್ಳಬೇಕು?

ಹೊರಗಿರುವಷ್ಟು ಗಂಟೆಗೆ ಒಂದೊಂದು, ಮೇಲೆ ಎರಡು. ಮೂರು ಗಂಟೆಯ ಕೆಲಸಕ್ಕೆ ಐದು. ಹೆಚ್ಚಾಯಿತು ಅನಿಸಬಹುದು. ಈ ಪ್ರಾಯದ ಮಗು ದಿನಕ್ಕೆ ಎಂಟರಿಂದ ಹನ್ನೆರಡು ಸಲ ಹಾಲು ಕುಡಿಯುತ್ತದೆ, ಕೆಲವು ಮಕ್ಕಳು ಪ್ರತಿ ಸಲ ಕುಡಿದ ಕೂಡಲೇ ಕಕ್ಕ ಮಾಡುತ್ತವೆ.

ನಾನು ಈ ಲೆಕ್ಕ ಕಲಿತದ್ದು ಉಡುಪಿಯಿಂದ ಮಂಗಳೂರಿಗೆ ಬರುವ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. ದೊಡ್ಡವಳಿಗೆ ಆಗ ಏಳು ವಾರ. ಒಂದೂವರೆ ಗಂಟೆಯ ದಾರಿ ತಾನೇ ಎಂದು ಎರಡೇ ಕೋಮಣ ಇಟ್ಟಿದ್ದೆ. ಒಂದು ಕಾಪು ದಾಟುವಾಗ ಹೋಯಿತು. ಎರಡನೆಯದು ಪಡುಬಿದ್ರಿಯಲ್ಲಿ ಹೋಯಿತು, ಬೆನ್ನಿನವರೆಗೆ ಹತ್ತಿತ್ತು, ನನ್ನ ಸೀರೆಗೂ ಬಂತು. ಪಕ್ಕದಲ್ಲಿ ಕಟಪಾಡಿಯಲ್ಲಿ ಹತ್ತಿದ ಒಬ್ಬರು ಅಮ್ಮ, ತೊಡೆಯ ಮೇಲೆ ಶಂಕರಪುರ ಮಲ್ಲಿಗೆಯ ಕಟ್ಟು. ಅವರು ಒಂದು ಮಾತೂ ಆಡದೆ ಕಟ್ಟು ಬಿಚ್ಚಿ, ಹೂವಿನ ಸುತ್ತ ಇದ್ದ ಬಾಳೆಲೆಯ ಒಂದು ಪದರ ತೆಗೆದು, ಕೈಯಲ್ಲಿ ಒರೆಸಿ ನನ್ನ ಮಡಿಲಲ್ಲಿ ಹಾಸಿದರು. "ಇದರಲ್ಲಿ ಮಲಗಿಸು ಮಗಾ, ತಂಪು ಉಂಟು" ಎಂದರು. ಅವರದೇ ಬೈರಾಸನ್ನು ನಾಲ್ಕು ಮಡಿಕೆ ಮಾಡಿ ಕೋಮಣ ಕಟ್ಟಿಕೊಟ್ಟರು. ಮಂಗಳೂರು ಬರುವವರೆಗೆ ಮಗು ಮಲ್ಲಿಗೆಯ ಪರಿಮಳದಲ್ಲಿ ಒಳ್ಳೆ ನಿದ್ದೆ ತೆಗೆಯಿತು. ನಾನು ಮಾತ್ರ ಒದ್ದೆ ಸೀರೆಯಲ್ಲಿ ಕೂತಿದ್ದೆ. ನನ್ನದೊಂದು ಬದಲಿ ಬಟ್ಟೆ ಇಡಬೇಕಿತ್ತು ಎಂದು ಹೊಳೆದದ್ದು ಆವತ್ತೇ.

ಬಟ್ಟೆಯ ಕೋಮಣವಾ, ಪೇಟೆಯ ಡೈಪರಾ?

ಮನೆಯಲ್ಲಿ ಬಟ್ಟೆ, ಹೊರಗೆ ಡೈಪರ್. ಜಗಳ ಮುಗಿಯಿತು. ಡೈಪರ್ ಹಾಕಿದ್ದೇವೆ ಎಂದು ನಾಲ್ಕು ಗಂಟೆ ಬಿಡುವುದು ಮಾತ್ರ ಬೇಡ, ನಮ್ಮ ಬೆವರಿಗೆ ತೊಡೆಸಂದು ಕೆಂಪಾಗುತ್ತದೆ. ಬದಲಿಸುವಾಗ ಸಂದುಗಳನ್ನು ಒತ್ತಿ ಒರೆಸಿ, ಎರಡು ನಿಮಿಷ ಗಾಳಿಗೆ ಬಿಡಿ.

ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಚೀಲಕ್ಕೆ ಎಂತ ಹಾಕುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರಶ್ನೆ ಕೇಳದವರಿಲ್ಲ. ಫ್ಯಾನಿನ ಕೆಳಗೆ ಎರಡು ದಿನ ಹಾಕಿದರೂ ಹೊಲಿಗೆಯ ಅಂಚಿನಲ್ಲಿ ಪಸೆ ಉಳಿಯುತ್ತದೆ. ನನ್ನ ಅಮ್ಮ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು, ಬಟ್ಟೆ ಗರಿಗರಿಯಾಗುತ್ತಿತ್ತು, ಹೊಗೆಯ ವಾಸನೆಯೂ ಹಿಡಿಯುತ್ತಿತ್ತು. ಈಗ ನಾನು ಹೇಳುವುದು ಇಸ್ತ್ರಿ ಪೆಟ್ಟಿಗೆ. ಮುಕ್ಕಾಲು ಒಣಗಿದ ಕೋಮಣಕ್ಕೆ ಎರಡೂ ಬದಿ ಇಸ್ತ್ರಿ ಹಾಕಿ, ಪೂರ್ತಿ ಆರಿದ ಮೇಲೆ ಮಡಚಿ. ಬಿಸಿ ಇರುವಾಗಲೇ ತೊಟ್ಟೆಗೆ ತುಂಬಿದರೆ ಒಳಗೆ ಬೆವರುತ್ತದೆ, ಮಾಡಿದ ಕೆಲಸ ದಂಡ.

ಒಂದೊಂದು ಬದಲಾವಣೆಗೆ ಬೇಕಾದ್ದನ್ನು ಒಂದೊಂದು ಜಿಪ್ ತೊಟ್ಟೆಯಲ್ಲಿ ಕಟ್ಟಿಡಿ: ಒಂದು ಕೋಮಣ, ಒಂದು ಅಂಗಿ, ಒಂದು ಸೀರೆ ತುಂಡು. ಕತ್ತಲಲ್ಲಿ, ಬಸ್ಸಿನಲ್ಲಿ, ಒಂದೇ ಕೈಯಲ್ಲಿ ಎಳೆದರೂ ಇಡೀ ಸೆಟ್ ಬರುತ್ತದೆ. ಬಿಚ್ಚಿದ ಒದ್ದೆ ಬಟ್ಟೆಗೂ ಅದೇ ತೊಟ್ಟೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡಿ. ಟರ್ಪಾಲು ಇಳಿಸಿದ್ದರೂ ಅಂಚಿನಿಂದ ನೀರು ಸೊಂಟಕ್ಕೇ ಇಳಿಯುತ್ತದೆ. ರಿಕ್ಷಾದಲ್ಲಾದರೆ ನಡುವೆ ಕೂತುಕೊಳ್ಳಿ. ಕೊಡೆ ಹಿಡಿಯುವ ಕೆಲಸ ಮಗು ಎತ್ತಿದವರದ್ದು ಅಲ್ಲವೇ ಅಲ್ಲ, ಅದಕ್ಕೆ ಇನ್ನೊಬ್ಬರು ಬೇಕು. ಕಾಲಿಗೆ ಜಾರದ ಚಪ್ಪಲಿ ಹಾಕಿ. ಪಾಚಿ ಕಟ್ಟಿದ ಮುರಕಲ್ಲಿನ ಮೆಟ್ಟಿಲಿನಲ್ಲಿ ನಾನೊಮ್ಮೆ ಜಾರಿ ಕೂತಿದ್ದೇನೆ. ಪುಣ್ಯಕ್ಕೆ ಮಗು ಅತ್ತೆಯ ಕೈಯಲ್ಲಿತ್ತು.

ಏಪ್ರಿಲ್, ಮೇ ಸೆಕೆಗೆ?

ಟೊಪ್ಪಿ, ಕಾಲುಚೀಲ, ಉಣ್ಣೆಯ ಶಾಲು ಮೂರನ್ನೂ ಮನೆಯಲ್ಲೇ ಬಿಡಿ. ಹೊರಗೆ ಜೀವ ಹೋಗುವ ಸೆಕೆ ಇರುವಾಗ ಮಗುವಿಗೆ ಚಳಿ ಎಂದು ಸುತ್ತುವುದು ನಮ್ಮ ಹಿರಿಯರ ಪ್ರೀತಿ, ಮಗುವಿಗೆ ಅದು ಕಷ್ಟ. ಮೈ ಬಿಸಿಯಾಯಿತಾ ಎಂದು ನೋಡಲು ಕುತ್ತಿಗೆಯ ಹಿಂಬದಿ ಮುಟ್ಟಿ, ಅಲ್ಲಿ ಬೆವರಿದ್ದರೆ ಒಂದು ಪದರ ತೆಗೆಯಿರಿ. ಕೈಕಾಲು ತಣ್ಣಗಿರುವುದು ಎಳೆಮಕ್ಕಳಲ್ಲಿ ಸಾಮಾನ್ಯ, ಅದನ್ನು ನೋಡಿ ಚಳಿ ಎನ್ನಬೇಡಿ. ತೆಳು ಹತ್ತಿಯ ಕಟ್ಟುವ ಜಬಲ ಎರಡರ ಬದಲು ಮೂರು ಇಡಿ. ಎಸಿ ಹಾಲ್‌ಗೆ ಹೋಗುವುದಾದರೆ ಮಾತ್ರ ಒಂದು ಹೊದಿಕೆ. ಕೆಲಸ ಬೆಳಗ್ಗೆ ಹತ್ತರೊಳಗೆ ಮುಗಿಸಿ. ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಒಂದು ನಿಮಿಷಕ್ಕೂ ಬಿಡಬೇಡಿ.

ಸೆಕೆಗೆ ಸ್ವಲ್ಪ ನೀರು ಕುಡಿಸಬಹುದಾ? ಜೇನು, ಬಜೆ?

ಇಲ್ಲ. ಆರು ತಿಂಗಳವರೆಗೆ ಹಾಲೇ ನೀರು. ಜೇನು ಒಂದು ವರ್ಷದವರೆಗೆ ನಾಲಗೆಗೆ ಮುಟ್ಟಿಸಲೂ ಬಾರದು, ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣು ಎಳೆಮಗುವಿನ ಹೊಟ್ಟೆಯಲ್ಲಿ ಬೆಳೆದು ವಿಷವಾಗುತ್ತದೆ. ಬಜೆಯೂ ಬೇಡ.

ಹೊರಗೆ ಹಾಲು ಕೊಡುವುದು ಹೇಗೆ? ಬಾಟಲಿ ಬೇಕೇ?

ಎದೆಹಾಲು ಕುಡಿಯುವ ಮಗುವಿಗೆ ಚೀಲದಲ್ಲಿ ಬಾಟಲಿಯ ಅಗತ್ಯವೇ ಇಲ್ಲ. ನಿಮ್ಮ ಉಡುಪನ್ನು ಆರಿಸಿಕೊಳ್ಳಿ: ಎದುರಿನಿಂದ ತೆಗೆಯುವ ರವಿಕೆ ಅಥವಾ ಜಿಪ್ ಇರುವ ಕುರ್ತಾ, ಮೇಲೊಂದು ಶಾಲು. ಬಸ್ಸಿನಲ್ಲಿ ಎದುರಿನ ಸೀಟು ಕೇಳಿ, ಕಂಡಕ್ಟರ್ ಎಬ್ಬಿಸಿ ಕೊಡುತ್ತಾರೆ. ಹೋಟೆಲಿನ ಮೂಲೆಯ ಫ್ಯಾಮಿಲಿ ಟೇಬಲ್ ಕೂಡ ಆಗುತ್ತದೆ. ಬಟ್ಟೆ ಅಂಗಡಿಯ ಹೆಂಗಸರ ವಿಭಾಗದಲ್ಲಿ ಕೇಳಿದರೆ ಟ್ರಯಲ್ ರೂಮ್ ತೆರೆದುಕೊಡುತ್ತಾರೆ, ನನಗೆ ಈವರೆಗೆ ಯಾರೂ ಇಲ್ಲ ಎಂದದ್ದಿಲ್ಲ. ಶೌಚಾಲಯದಲ್ಲಿ ಕೂತು ಮಾತ್ರ ಕೊಡಬೇಡಿ. ನೀವು ಅಲ್ಲಿ ಕೂತು ಊಟ ಮಾಡುತ್ತೀರಾ?

ಹಿಂಡಿಟ್ಟ ಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ ಉಳಿಯುತ್ತದೆ ಎಂದು ಡಾಕ್ಟರುಗಳು ಹೇಳುವ ಲೆಕ್ಕ. ನಮ್ಮ ಊರಿನ ಕೋಣೆ 25 ಡಿಗ್ರಿ ಇರುವುದು ಯಾವಾಗ, ಹೇಳಿ? ಅದಕ್ಕೇ ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲೇ ಒಯ್ಯಿರಿ, ಹಿಂಡಿದ ಹೊತ್ತನ್ನು ಬಾಟಲಿಯ ಮೇಲೆ ಬರೆದಿಡಿ.

ಪುಡಿ ಹಾಲು ಕೊಡುವವರು ಕಲಸಿಕೊಂಡು ಹೊರಡಬೇಡಿ. ಅಳತೆ ಮಾಡಿದ ಪುಡಿ ಒಣ ಡಬ್ಬಿಯಲ್ಲಿ, ಕುದಿಸಿದ ನೀರು ಒಳ್ಳೆ ಫ್ಲಾಸ್ಕಿನಲ್ಲಿ. ಕೊಡುವ ಹೊತ್ತಿಗೆ ಬಿಸಿನೀರಿನಲ್ಲೇ ಕಲಸಿ, ಬಾಟಲಿಯ ಹೊರಮೈಗೆ ತಣ್ಣೀರು ಹಾಕಿ ಆರಿಸಿ, ಮಣಿಗಂಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಎರಡು ಗಂಟೆ ದಾಟಿದ್ದನ್ನು, ಕುಡಿದು ಉಳಿದದ್ದನ್ನು ಚೆಲ್ಲಿ. ಪುಡಿಯ ಡಬ್ಬಿಯ ದುಡ್ಡು ನೆನೆದು ಹೊಟ್ಟೆ ಉರಿದರೂ ಚೆಲ್ಲಿ.

ಆರು ವಾರದ ಲಸಿಕೆಗೆ ಹೋಗುವಾಗ ವಿಶೇಷ ಎಂತ?

ಮೊದಲು ತಾಯಿ ಕಾರ್ಡ್. ಮಗುವಿನ ಬಟ್ಟೆ ಮರೆತರೆ ಯಾರಾದರೂ ಕೊಟ್ಟಾರು, ಕಾರ್ಡ್ ಮರೆತರೆ ಯಾವ ಡೋಸ್ ಆಗಿದೆ ಎಂದು ನರ್ಸ್ ಎಲ್ಲಿ ನೋಡಬೇಕು? ನಾನು ಅದನ್ನು ಚೀಲದ ಹೊರಜೇಬಿನಲ್ಲಿ ಪ್ಲಾಸ್ಟಿಕ್ ಕವರ್ ಹಾಕಿ ಇಟ್ಟುಬಿಟ್ಟಿದ್ದೆ, ಮನೆಯ ಕಪಾಟಿಗೆ ಅದು ಹೋಗುವುದೇ ಇಲ್ಲ. ಫೋನಿನಲ್ಲೂ ಒಂದು ಫೋಟೊ ಇರಲಿ.

ಇನ್ನು ಅಂಗಿ. ಸರಕಾರಿ ಪಟ್ಟಿಯ ಪ್ರಕಾರ ಆರು ವಾರಕ್ಕೆ ಬಾಯಿಗೆ ಎರಡು, ಪೋಲಿಯೊ ಮತ್ತು ರೋಟಾ. ಚುಚ್ಚುವುದು ಮೂರು ಕಡೆ: ಎಡತೊಡೆಗೆ ಪೆಂಟಾವಲೆಂಟ್, ಬಲತೊಡೆಗೆ ನ್ಯುಮೋಕಾಕಲ್, ಬಲತೋಳಿಗೆ ಪೋಲಿಯೊ ಚುಚ್ಚುಮದ್ದು. ಅಂದರೆ ಎರಡೂ ತೊಡೆ, ಒಂದು ತೋಳು ಥಟ್ಟನೆ ಸಿಗಬೇಕು. ಕತ್ತಿನಿಂದ ಪಾದದವರೆಗೆ ಗುಂಡಿ ಇರುವ ಚೆಂದದ ಅಂಗಿ ಆವತ್ತಿಗೆ ಬೇಡ. ಮುಂದೆ 10 ವಾರ, 14 ವಾರಕ್ಕೂ ಅಂಗಿಯ ಮಾತು ಇದೇ, 10 ವಾರಕ್ಕೆ ಚುಚ್ಚುವುದು ಮಾತ್ರ ಎಡತೊಡೆಗೆ ಒಂದೇ. ಹುಟ್ಟಿದಾಗ ಎಡತೋಳಿಗೆ ಕೊಟ್ಟ ಬಿಸಿಜಿಯ ಜಾಗದಲ್ಲಿ ಈ ಹೊತ್ತಿಗೆ ಒಂದು ಗುಳ್ಳೆ ಎದ್ದಿರಬಹುದು. ಅದನ್ನು ಉಜ್ಜುವುದು, ಮದ್ದು ಹಚ್ಚುವುದು ಬೇಡ.

ಲಸಿಕೆಯ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಸರತಿಯ ಹೊತ್ತು ಸೇರಿ ಒಂದು ಬೆಳಗ್ಗೆ ಪೂರ್ತಿ ಹೋಯಿತು ಎಂದೇ ಲೆಕ್ಕ ಹಾಕಿ ಚೀಲ ತುಂಬಿಸಿ. ರಾತ್ರಿ ಜ್ವರ ಬಂದರೆ ಎಷ್ಟು ಹನಿ ಪ್ಯಾರಾಸಿಟಮಾಲ್ ಎನ್ನುವುದನ್ನು ಅಲ್ಲಿಂದ ಹೊರಡುವ ಮುಂಚೆಯೇ ಮಗುವಿನ ತೂಕ ಹೇಳಿ ಕೇಳಿಕೊಳ್ಳಿ. ಪಕ್ಕದ ಮನೆಯ ಮಗುವಿನ ಅಳತೆ ನಿಮ್ಮದಕ್ಕೆ ಆಗುವುದಿಲ್ಲ.

ಚೀಲದಲ್ಲಿ ಔಷಧಿ ಎಂತೆಂತ ಇಡಲಿ?

ಡಾಕ್ಟರ್ ಬರೆದುಕೊಟ್ಟದ್ದು ಮಾತ್ರ, ಜೊತೆಗೊಂದು ಡಿಜಿಟಲ್ ಥರ್ಮಾಮೀಟರ್. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಬಂದರೆ ಮನೆಮದ್ದು ಮಾಡುತ್ತಾ ಕೂರದೆ ಡಾಕ್ಟರಿಗೆ ಫೋನ್ ಮಾಡಿ. ಲಸಿಕೆಯ ಜ್ವರವೇ ಇರಬಹುದು ಅನಿಸಿದರೂ ಮಾಡಿ. ಗ್ರೈಪ್ ವಾಟರ್ ಬೇಡ.

ತಾಯಿಗೆ ಎಂತ ಇಡಬೇಕು?

ಈ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ, ನಾನೇ ಸೇರಿಸಿದ್ದು. ಮೂರನೇ ಪಾಲು ಖಾಲಿ ಇರುವ ಚೀಲವನ್ನು ಎಷ್ಟು ನೋಡಿದ್ದೇನೋ. ಮಗುವಿಗೆ ಆರು ಅಂಗಿ, ಎರಡು ಗಿಲಕಿ, ಅಮ್ಮನಿಗೆ ಒಂದು ಲೋಟ ನೀರಿಲ್ಲ.

ಒಂದು ಲೀಟರ್ ನೀರು. ಹಾಲು ಕೊಡಲು ಕೂತ ಕೂಡಲೇ ಗಂಟಲು ಒಣಗುತ್ತದೆ, ಆಗ ಎದ್ದು ಅಂಗಡಿಗೆ ಹೋಗಲು ಆಗುವುದಿಲ್ಲ. ತಿನ್ನಲು ಎರಡು ಬಾಳೆಹಣ್ಣು, ಒಂದು ಹಿಡಿ ಗೇರುಬೀಜ ಅಥವಾ ಮನೆಯಲ್ಲಿ ಮಾಡಿದ ಮೆಂತೆ ಉಂಡೆ, ಒಂದೇ ಕೈಯಲ್ಲಿ ತಿನ್ನಲು ಬರುವಂಥದ್ದು. ದೊಡ್ಡ ಪ್ಯಾಡ್ ನಾಲ್ಕು, ಹೆರಿಗೆಯ ಮೇಲಿನ ಸ್ರಾವ ಆರು ವಾರದವರೆಗೂ ಇರುತ್ತದೆ. ಹಾಲು ಸೋರಿದರೆ ರವಿಕೆಯೊಳಗಿಡಲು ಹತ್ತಿಬಟ್ಟೆಯ ಮಡಿಕೆ. ಒಂದು ಬದಲಿ ಮೇಲಂಗಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ. ಅವು ಹೆರಿಗೆಗೆ ನಿಲ್ಲುವುದಿಲ್ಲ, ಆಮೇಲೂ ಆರು ತಿಂಗಳು ಉಂಟು.

ಸಿಸೇರಿಯನ್ ಆದವರು ಮಗುವಿಗಿಂತ ಭಾರದ್ದು ಎತ್ತಬಾರದು. ಚೀಲ ಹೊರುವುದು ಗಂಡನ ಕೆಲಸ. ಗುಲಾಬಿ ಬಣ್ಣದ್ದು, ಆನೆಮರಿ ಚಿತ್ರದ್ದು ಎಂದು ನಾಚಿಕೆಪಡುವ ಗಂಡಸರಿಗಾಗಿ ಒಂದು ಕಪ್ಪು ಬೆನ್ನುಚೀಲ ತೆಗೆದುಕೊಳ್ಳಿ. ಕಾರಿನ ಬೆಲ್ಟ್ ಗಾಯಕ್ಕೆ ಒತ್ತಿದರೆ ನಡುವೆ ಒಂದು ಬೈರಾಸು ಮಡಚಿ ಇಡಿ, ಬೆಲ್ಟ್ ಹಾಕದೇ ಕೂರಬೇಡಿ.

ಸ್ಕೂಟರಿನಲ್ಲಿ ಹತ್ತಿರದ ಆಸ್ಪತ್ರೆಗೆ ಹೋಗಿಬರಬಹುದಾ?

ಬೇಡ ಮಾರಾಯ್ರೆ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ದ್ವಿಚಕ್ರದಲ್ಲಿ ಒಯ್ಯಲು ಸುರಕ್ಷಾ ಬೆಲ್ಟ್ ಬೇಕು, ವೇಗ 40 ಕಿ.ಮೀ. ದಾಟಬಾರದು ಎಂದು 2023ರ ಫೆಬ್ರವರಿಯಿಂದ ಕೇಂದ್ರದ ನಿಯಮವೇ ಇದೆ. ಕುತ್ತಿಗೆ ನಿಲ್ಲದ ಮಗುವಿಗೆ ಹೆಲ್ಮೆಟ್ಟೂ ಆಗುವುದಿಲ್ಲ. ರಿಕ್ಷಾ ಕರೆಯಿರಿ.

ಕಾರಿನಲ್ಲಾದರೆ ಹಿಂದಿನ ಸೀಟಿನಲ್ಲಿ, ಹಿಂದಕ್ಕೆ ಮುಖ ಮಾಡಿದ ಮಕ್ಕಳ ಸೀಟು ಒಳ್ಳೆಯದು. ಏರ್‌ಬ್ಯಾಗ್ ಇರುವ ಎದುರು ಸೀಟಿನಲ್ಲಿ ಅದನ್ನು ಇಡಲೇಬಾರದು. ದಾರಿಯಲ್ಲಿ ಒಮ್ಮೆ ನಿಲ್ಲಿಸಿ ಮಗುವನ್ನು ಎತ್ತಿ ನೆಟ್ಟಗೆ ಹಿಡಿದುಕೊಳ್ಳಿ, ಗಲ್ಲ ಎದೆಗೆ ಒತ್ತಿಕೊಂಡು ತುಂಬ ಹೊತ್ತು ಮಲಗಬಾರದು. ಘಟ್ಟ ಹತ್ತುವವರು ಹಾಲು ಕೊಟ್ಟ ಕೂಡಲೇ ಹೊರಡದೆ ಇಪ್ಪತ್ತು ನಿಮಿಷ ಬಿಡಿ. ಮಳೆಗಾಲದಲ್ಲಿ ಶಿರಾಡಿ, ಚಾರ್ಮಾಡಿ ದಾರಿಯಲ್ಲಿ ಗುಡ್ಡ ಕುಸಿದು ಗಂಟೆಗಟ್ಟಲೆ ಸಿಕ್ಕಿಬೀಳುವುದುಂಟು, ಮೇಲೆ ಹೇಳಿದ ಲೆಕ್ಕವನ್ನೆಲ್ಲ ಆಗ ಎರಡರಿಂದ ಗುಣಿಸಿ.

ಮದುವೆ, ದೇವಸ್ಥಾನ, ಭೂತದ ನೇಮ?

ಮದುವೆಗೆ ಊಟದ ಹೊತ್ತಿಗೆ ಹೋಗಿ, ಸ್ಟೇಜ್ ಹತ್ತಿ ಇಳಿದು ಬನ್ನಿ. ಮಗುವನ್ನು ಕೈಯಿಂದ ಕೈಗೆ ದಾಟಿಸಲು ಬಿಡಬೇಡಿ. "ಈಗಷ್ಟೇ ಹಾಲು ಕುಡಿದಿದೆ, ಅಲುಗಾಡಿಸಿದರೆ ಕಕ್ಕುತ್ತದೆ" ಎಂದು ಹೇಳಿ. ರೇಷ್ಮೆ ಸೀರೆ ಉಟ್ಟವರು ಯಾರೂ ಆಮೇಲೆ ಕೈ ಚಾಚುವುದಿಲ್ಲ. ಕಟೀಲಿಗೆ, ಕೃಷ್ಣ ಮಠಕ್ಕೆ ಹೋಗುವುದಾದರೆ ವಾರದ ನಡುವಿನ ಬೆಳಗ್ಗೆ ಒಳ್ಳೆಯದು. ಚಪ್ಪಲಿ ಬಿಟ್ಟು, ಸರತಿಯಲ್ಲಿ ನಿಂತು ದೊಡ್ಡ ಚೀಲ ಹೊರುವುದು ಕಷ್ಟ, ಒಂದು ಸೆಟ್ ಮಾತ್ರ ಹೆಗಲಿನ ಸಣ್ಣ ಚೀಲಕ್ಕೆ ಹಾಕಿ ಉಳಿದದ್ದು ಗಾಡಿಯಲ್ಲಿರಲಿ. ನೇಮ, ಬಯಲಾಟ ಈ ವರ್ಷಕ್ಕೆ ಬಿಡಿ. ಚೆಂಡೆ, ಗರ್ನಾಲು, ರಾತ್ರಿಯ ಸೊಳ್ಳೆ ಮೂರೂ ಒಟ್ಟಿಗೆ ಎಳೆಕಿವಿಗೂ ಮೈಗೂ ಆಗುವಂಥದ್ದಲ್ಲ.

ಸೊಳ್ಳೆಗೆ ಕ್ರೀಮ್ ಹಚ್ಚಬಹುದಾ?

ಎರಡು ತಿಂಗಳೊಳಗೆ ಯಾವ ಕ್ರೀಮೂ ಬೇಡ. ಮಂಗಳೂರಿನ ಮಲೇರಿಯ ಎಲ್ಲರಿಗೂ ಗೊತ್ತು. ಮಲೇರಿಯದ ಸೊಳ್ಳೆ ಮುಸ್ಸಂಜೆಯಿಂದ ಕಚ್ಚುತ್ತದೆ, ಡೆಂಗಿಯದ್ದು ಹಗಲಲ್ಲೇ. ಕೊಡೆಯ ಹಾಗೆ ಬಿಚ್ಚುವ ಮಕ್ಕಳ ಸೊಳ್ಳೆಪರದೆಯನ್ನು ಮಡಚಿ ಜೊತೆಗೆ ಇಟ್ಟುಕೊಳ್ಳಿ, ನೆಂಟರ ಮನೆಯಲ್ಲಿ ಮಲಗಿಸಲು ಅದು ಬೇಕೇ ಬೇಕು.

ಪೌಡರ್, ಕಾಡಿಗೆ?

ಪೌಡರ್ ಮನೆಯಲ್ಲೂ ಬೇಡ, ಅದರ ಹುಡಿ ಶ್ವಾಸಕ್ಕೆ ಹೋಗುತ್ತದೆ. ಕಣ್ಣಿಗೆ ಕಾಡಿಗೆ ಬೇಡ. ಅಜ್ಜಿಗೆ ಸಮಾಧಾನ ಆಗಬೇಕಿದ್ದರೆ ಅಂಗಾಲಿಗೆ ಒಂದು ದೃಷ್ಟಿಬೊಟ್ಟು ಇಡಲಿ.

ಮಲ್ಪೆ ಬೀಚಿಗೆ?

ಸಂಜೆ ಬಿಸಿಲು ಇಳಿದ ಮೇಲೆ ಅರ್ಧ ಗಂಟೆ, ಹೊಯಿಗೆಗೆ ಇಳಿಸದೆ. ಆರು ತಿಂಗಳೊಳಗಿನ ಚರ್ಮಕ್ಕೆ ಸನ್‌ಸ್ಕ್ರೀನ್ ಇಲ್ಲ, ನೆರಳೇ ಗತಿ.

ಬಳಸಿದ ಡೈಪರ್ ಎಲ್ಲಿ ಎಸೆಯುವುದು?

ಎಲ್ಲೂ ಎಸೆಯುವುದು ಬೇಡ. ಸುತ್ತಿ, ಕಾಗದದಲ್ಲಿ ಕಟ್ಟಿ, ತೊಟ್ಟೆಗೆ ಹಾಕಿ ಮನೆಗೆ ತನ್ನಿ, ಬೇರೆಯಾಗಿ ಕೊಡಿ. ಫಲ್ಗುಣಿಯ, ಸ್ವರ್ಣಾ ನದಿಯ ಸೇತುವೆಯಿಂದ ಬಸ್ಸಿನ ಕಿಟಕಿಯಲ್ಲಿ ಹಾರಿಸುವವರನ್ನು ಕಣ್ಣಾರೆ ಕಂಡಿದ್ದೇನೆ. ಎಂತ ಹೇಳುವುದು ಅಂಥವರಿಗೆ.

ರೈಲು, ವಿಮಾನದಲ್ಲಿ ಹೋಗುವುದಾದರೆ?

ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವಾದರೆ ರೈಲಿನಲ್ಲಿ ಟಿಕೆಟ್ ಇಲ್ಲ. ವಿಮಾನಕ್ಕೆ ವಯಸ್ಸಿನ ದಾಖಲೆ ಬೇಕು. ಜನನ ನೋಂದಣಿ 21 ದಿನದೊಳಗೆ ಆಗಬೇಕಾದ್ದು, ಪ್ರಮಾಣಪತ್ರವನ್ನು ಆಗಲೇ ತೆಗೆದಿಟ್ಟುಕೊಳ್ಳಿ. ಎಷ್ಟು ದಿನದ ಮಗುವನ್ನು ಹತ್ತಿಸುತ್ತಾರೆ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಟಿಕೆಟ್ ಮಾಡುವಾಗಲೇ ಕೇಳಿ. ಗಲ್ಫಿಗೆ ಹೊರಟವರ ಮಗುವಿಗೆ ಅದರದ್ದೇ ಪಾಸ್‌ಪೋರ್ಟ್ ಬೇಕು. ವಿಮಾನ ಏರುವಾಗ, ಇಳಿಯುವಾಗ ಹಾಲು ಕೊಡಿ, ನುಂಗುತ್ತಿದ್ದರೆ ಕಿವಿ ಕಟ್ಟುವುದಿಲ್ಲ.

ಇಷ್ಟೆಲ್ಲ ತುಂಬಿಸಿ ಚೀಲವನ್ನೇ ಮನೆಯಲ್ಲಿ ಮರೆತರೆ?

ಮರೆತಿದ್ದೇನೆ. ಚಿಕ್ಕವನ ಹತ್ತು ವಾರದ ಲಸಿಕೆಯ ದಿನ. ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು, ನಾವು ರಿಕ್ಷಾದಲ್ಲಿ ಲೇಡಿಹಿಲ್ ದಾಟಿ ಆಗಿತ್ತು. ಈಗ ಚೀಲವನ್ನು ಮೊಳೆಗೆ ಹಾಕುವುದಿಲ್ಲ, ನನ್ನ ಚಪ್ಪಲಿಯ ಮೇಲೆ ಇಡುತ್ತೇನೆ. ಮನೆಗೆ ಬಂದ ಕೂಡಲೇ ಒದ್ದೆ ತೊಟ್ಟೆ ಬಕೆಟಿಗೆ, ಖಾಲಿಯಾದಷ್ಟು ಸೆಟ್ ಮತ್ತೆ ಚೀಲಕ್ಕೆ, ಚೀಲ ಚಪ್ಪಲಿಯ ಮೇಲೆ. ಆಮೇಲೆ ಚಾ.